ಅಚ್ಚುಮೊಳೆಯಿಂದ ಕೀಲಿಮಣೆಗೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವಾಯಿತು. ಅಂದಿನಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಕನ್ನಡದಲ್ಲಿ ಬರೆದವರ ಮತ್ತು ಓದಿದವರ ನಡುವೆ ಮೊಳೆ ಜೋಡಿಸುವವನೊಬ್ಬ ನಿಂತಿದ್ದ. ಗಣಕಯಂತ್ರವು ಪತ್ರಕರ್ತನ ಮತ್ತು ಅಧ್ಯಾಪಕನ ವೃತ್ತಿಗಳನ್ನು ಹೇಗೆ ಬದಲಿಸಿತೆಂದು ತಿಳಿಯಬೇಕಾದರೆ ನಾವು ಅವನಿಂದಲೇ ಆರಂಭಿಸುವುದು ಉಚಿತ.

ಇಂಗ್ಲಿಷಿನ ಕಂಪೋಸಿಟರನಿಗೆ 26 ಅಕ್ಷರಗಳ ಎರಡು ರೂಪ, ಅಂಕಿ ಮತ್ತು ಚಿಹ್ನೆಗಳು ಸಾಕಾಗಿದ್ದವು. ಕನ್ನಡದವನಿಗೆ ಕಾಗುಣಿತ ಮತ್ತು ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕಾಗುತ್ತಿದ್ದವು. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುವ ಅವುಗಳನ್ನು ಸಾಲಾಗಿ ಕೂಡಿಸುತ್ತ ಆತ ಪ್ರತಿಯೊಂದು ಪದವನ್ನೂ ಓದುತ್ತಿದ್ದ. ವರದಿಗಾರ ಕೈಯಲ್ಲಿ ಬರೆದುದನ್ನು ಉಪಸಂಪಾದಕ ತಿದ್ದುತ್ತಿದ್ದ. ಜೋಡಿಸಿದ ಮೇಲೆ ತೆಗೆದ ಕರಡನ್ನು ಮತ್ತೊಬ್ಬರು ಮೂಲಪ್ರತಿಯೊಡನೆ ಹೋಲಿಸಿ ನೋಡುತ್ತಿದ್ದರು. ಹೀಗೆ ಒಂದು ವಾಕ್ಯ ಓದುಗನನ್ನು ಸೇರುವ ಮೊದಲು ನಾಲ್ಕು ಜನರ ಕಣ್ಣನ್ನು ಹಾದುಬರುತ್ತಿತ್ತು.

ಈ ಸರಪಳಿಯನ್ನು ಗಣಕಯಂತ್ರ ಕಡಿದ ರೀತಿ ಎಲ್ಲೆಡೆ ಒಂದೇ ಆಗಿರಲಿಲ್ಲ. ಲಂಡನ್ನಿನ ವ್ಯಾಪಿಂಗ್‌ನಲ್ಲಿ 1986ರಲ್ಲಿ ರೂಪರ್ಟ್ ಮರ್ಡಾಕ್ ತಮ್ಮ ಪತ್ರಿಕೆಗಳನ್ನು ಹೊಸ ತಂತ್ರಜ್ಞಾನದ ಕಟ್ಟಡಕ್ಕೆ ಸಾಗಿಸಿದಾಗ, ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಕನ್ನಡದಲ್ಲಿ ಬದಲಾವಣೆ ನಿಧಾನವಾಗಿ ಬಂತು. ಅದಕ್ಕೆ ನಮ್ಮ ಲಿಪಿಯೂ ಒಂದು ಕಾರಣ. ಭಾರತೀಯ ಲಿಪಿಗಳನ್ನು ಗಣಕಯಂತ್ರಕ್ಕೆ ಕಲಿಸುವ ‘ಜಿಸ್ಟ್’ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡಕ್ಕೆ ದೊರೆತ ದೊಡ್ಡ ಉಪಕಾರ. ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯ ಕ್ರಮವನ್ನು ಹಿಡಿದುದರಿಂದ, ನೂರಾರು ಮೊಳೆಗಳ ಕೆಲಸ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೊಳಗೇ ಅಡಕವಾಯಿತು. ವ್ಯಂಜನ, ಸ್ವರ, ಒತ್ತಿಗೊಂದು ಕೊಂಡಿ: ಇಷ್ಟು ತಿಳಿದವನು ಏನನ್ನಾದರೂ ಬರೆಯಬಹುದಾಯಿತು.

ಆ ಬಳಿಕ ಮೊಳೆ ಜೋಡಿಸುತ್ತಿದ್ದವರಲ್ಲಿ ಕೆಲವರು ಡಿಟಿಪಿ ಕಲಿತು ಪರದೆಯ ಮುಂದೆ ಕುಳಿತರು. ಕಲಿಯಲಾಗದವರು ಹಿಂದೆ ಸರಿದರು. ಮುಂದೆ ವರದಿಗಾರರೇ ಟೈಪು ಮಾಡಲಾರಂಭಿಸಿದಾಗ ಆ ಡಿಟಿಪಿ ಕೆಲಸಕ್ಕೂ ಆಸರೆ ತಪ್ಪಿತು. ಕರಡು ತಿದ್ದುವವರ ಮೇಜುಗಳು ಒಂದೊಂದಾಗಿ ಖಾಲಿಯಾದವು. ಉಪಸಂಪಾದಕನೇ ಪುಟ ಕಟ್ಟುವವನಾದ. ಪತ್ರಕರ್ತನೆಂಬ ಹೆಸರು ಹಾಗೆಯೇ ಉಳಿಯಿತು, ಆದರೆ ಅದರೊಳಗೆ ಮೂರು ನಾಲ್ಕು ಹಳೆಯ ವೃತ್ತಿಗಳು ಸದ್ದಿಲ್ಲದೆ ಬಂದು ಕೂತವು.

ಶಾಲೆಯ ಕಥೆಯೂ ಬಹುಮಟ್ಟಿಗೆ ಇದೇ. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕಳುಹಿಸಿತು. ಯಂತ್ರ ಬಂದರೆ ಮೇಷ್ಟ್ರು ಬೇಡವಾದಾರೆಂಬ ಅಂಜಿಕೆ ಆಗಿನಿಂದಲೂ ಆಗಾಗ ಕೇಳಿಬಂದಿದೆ. ಮೇಷ್ಟ್ರು ಬೇಡವಾಗಲಿಲ್ಲ, ಅವರ ಸುತ್ತಲಿನ ಕೆಲಸಗಳು ಅವರ ಮಡಿಲಿಗೇ ಬಂದವು. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದ ಪ್ರಶ್ನೆಪತ್ರಿಕೆಯನ್ನು ಈಗ ಅಧ್ಯಾಪಕರೇ ಟೈಪು ಮಾಡುತ್ತಾರೆ. 2012-13ರಿಂದ ಯು-ಡೈಸ್ ಮೂಲಕ ಶಾಲೆಯ ಕೊಠಡಿ, ಶೌಚಾಲಯ, ಮಕ್ಕಳ ಸಂಖ್ಯೆಗಳ ವಿವರವೆಲ್ಲ ವರ್ಷವರ್ಷವೂ ದತ್ತಾಂಶವಾಗಿ ಹೋಗಬೇಕು. ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಯಲ್ಲಿ ಅದನ್ನು ತುಂಬುವವರು ಪಾಠ ಹೇಳುವವರೇ. 2017ರಲ್ಲಿ ‘ದೀಕ್ಷಾ’ ಬಂತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಅಧ್ಯಾಪಕರು ಛಾಯಾಗ್ರಾಹಕರೂ ನಿರೂಪಕರೂ ಆದರು.

ಇಷ್ಟು ಹೇಳಿ ನಿಲ್ಲಿಸಿದರೆ, ನಾಡಿನ ಹೊರಗಿರುವ ನಾವು ಕೃತಘ್ನರಾಗುತ್ತೇವೆ. ಪರರಾಜ್ಯದ ನಗರದಲ್ಲಿ ಕನ್ನಡ ಮೊಳೆಗಳಿರುವ ಮುದ್ರಣಾಲಯವನ್ನು ಹುಡುಕುವುದೇ ಒಂದು ತಪಸ್ಸಾಗಿತ್ತು. 1996ರಲ್ಲಿ, ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿದ್ದ ಯು.ಬಿ. ಪವನಜ ಅವರು ‘ವಿಶ್ವ ಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಆಗಲೂ ಒಂದು ಫಾಂಟಿನಲ್ಲಿ ಬರೆದುದು ಇನ್ನೊಂದರಲ್ಲಿ ಗೋಜಲಾಗುತ್ತಿತ್ತು. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆಯೇ ಅದು ಸಾಮಾನ್ಯರ ಮನೆಯನ್ನು ಹೊಕ್ಕಿತು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕವನ್ನು ಇಂದು ಮಹಾರಾಷ್ಟ್ರದ ಅಧ್ಯಾಪಕರು ಮನೆಯಲ್ಲೇ ಇಳಿಸಿಕೊಳ್ಳಬಹುದು. ದೆಹಲಿಯಲ್ಲಿ ಭಾನುವಾರ ಮಕ್ಕಳಿಗೆ ಅಕ್ಷರ ಕಲಿಸುವ ತಾಯಿ ತನ್ನ ಪಾಠವನ್ನು ತಾನೇ ಅಚ್ಚುಹಾಕಬಹುದು. ಮೋಗ್ಲಿಂಗರಿಗೆ ಒಂದು ಮುದ್ರಣಾಲಯವೇ ಬೇಕಾಗಿದ್ದ ಕೆಲಸವಿದು.

ಆದರೆ ಕೈಗಳು ಒಂದಾದಂತೆ ಕಣ್ಣುಗಳೂ ಒಂದಾದವು. ಬರೆದವನೇ ಜೋಡಿಸಿ, ತಿದ್ದಿ, ಪ್ರಕಟಿಸುವಾಗ ಅವನ ತಪ್ಪನ್ನು ಕಾಣುವ ಎರಡನೆಯ ಕಣ್ಣು ಇರುವುದಿಲ್ಲ. ತನ್ನ ಬರಹವನ್ನು ಓದುವಾಗ ಯಾರೂ ಬರೆದುದನ್ನು ಓದುವುದಿಲ್ಲ, ಬರೆಯಬೇಕೆಂದುಕೊಂಡಿದ್ದನ್ನೇ ಓದುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ದೋಷ ಚಿಕ್ಕದಿರಬಹುದು. ತಪ್ಪಾದ ಇಸವಿ, ಪರಿಶೀಲಿಸದ ಸುದ್ದಿ ಚಿಕ್ಕದಲ್ಲ. ವಿಭಕ್ತಿ, ಸಂಧಿಗಳಿಂದ ಒಂದೊಂದು ಪದವೂ ಹಲವು ರೂಪ ತಾಳುವ ನಮ್ಮ ಭಾಷೆಯಲ್ಲಿ ಯಂತ್ರದ ಕಾಗುಣಿತ ಪರೀಕ್ಷೆಯನ್ನೇ ನೆಚ್ಚಿ ಕೂರುವಂತಿಲ್ಲ. ಅಧ್ಯಾಪಕರ ವಿಷಯದಲ್ಲಿ ನಷ್ಟದ ರೂಪ ಬೇರೆ. ಅಂಕಣಗಳನ್ನು ತುಂಬುವ ಗಂಟೆ ಮಗುವಿನ ಪುಸ್ತಕವನ್ನು ತಿದ್ದುವ ಗಂಟೆಯಿಂದಲೇ ಕಳೆದುಹೋಗುತ್ತದೆ. ಅಲ್ಲಿಯೂ ಕಡಿಮೆಯಾದದ್ದು ಮತ್ತೊಬ್ಬರ ಬರಹದ ಮೇಲೆ ನಿಲ್ಲುವ ಕಣ್ಣೇ.

ಹಳೆಯ ಮುದ್ರಣಾಲಯ ಮರಳಿ ಬರಲಾರದು. ಬರಬೇಕೆಂದು ನಾವು ಬಯಸುವುದೂ ಇಲ್ಲ. ಸೀಸದ ಧೂಳನ್ನು ಉಸಿರಾಡುತ್ತ ಮಂದ ಬೆಳಕಿನಲ್ಲಿ ದುಡಿದವರಿಗೆ ಆ ಬದುಕು ಸುಖದ್ದಾಗಿರಲಿಲ್ಲ. ಅವರು ಮಾಡುತ್ತಿದ್ದ ಕೆಲಸದಲ್ಲಿ ಒಂದಂಶವನ್ನಾದರೂ ನಾವು ಉಳಿಸಿಕೊಳ್ಳಬಹುದು. ನಮ್ಮಂಥ ಸಣ್ಣ ಸಾಹಿತ್ಯ ಬಳಗಗಳಲ್ಲಿ ಒಬ್ಬರು ಬರೆದುದನ್ನು ಪ್ರಕಟಣೆಗೆ ಮೊದಲು ಇನ್ನೊಬ್ಬರು ಪೆನ್ಸಿಲ್ ಹಿಡಿದು ಓದಲಿ. ಅದಕ್ಕೆ ಅರ್ಧ ಗಂಟೆಯ ಹೊತ್ತು ಸಾಕು.