ಗಣಿಬಾಧಿತ ಊರುಗಳಿಗೆ ಕೆಎಂಇಆರ್‌ಸಿ ದುಡ್ಡು: ಬಂದದ್ದು ಹೇಗೆ?

ತುಮಕೂರು: ಚಿಕ್ಕನಾಯಕನಹಳ್ಳಿ, ಗುಬ್ಬಿ, ತಿಪಟೂರು ತಾಲ್ಲೂಕುಗಳ ಗಣಿಬಾಧಿತ ಹಳ್ಳಿಗಳಲ್ಲಿ ಕೆಂಧೂಳು ತೆಂಗಿನ ಗರಿ, ಮನೆ ಅಂಗಳ ಯಾವುದನ್ನೂ ಬಿಟ್ಟಿರಲಿಲ್ಲ. ಅದಿರು ಲಾರಿಗಳ ಓಡಾಟಕ್ಕೆ ರಸ್ತೆಗಳೂ ಹಾಳಾಗಿದ್ದವು.

ಇದಕ್ಕೆ ತಡೆ ಬಿದ್ದದ್ದು ಜನರೇ ಕೋರ್ಟ್ ಮೆಟ್ಟಿಲು ಹತ್ತಿದ್ದರಿಂದ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2011ರ ಜುಲೈನಲ್ಲಿ ಬಳ್ಳಾರಿ, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪಿನಿಂದ, ಅಕ್ರಮ ವಿಪರೀತವಾಗಿದ್ದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು.

ಅದಿರು ಮಾರಾಟದ ಹಣದಲ್ಲಿ ಒಂದು ಪಾಲು ಬಾಧಿತ ಪ್ರದೇಶಕ್ಕೇ ಸೇರಬೇಕು ಅಂತಲೂ ಕೋರ್ಟ್ ಹೇಳಿತು. ಅದನ್ನು ಬಳಸಲೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ (ಕೆಎಂಇಆರ್‌ಸಿ) ಹುಟ್ಟಿತು. 2022ರಲ್ಲಿ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ನೇಮಕವಾದರು.

ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆ, ಅರಣ್ಯೀಕರಣಕ್ಕೆ ಈ ಹಣ ಬಳಕೆಯಾಗುತ್ತೆ. ಗಣಿಬಾಧಿತ ಪ್ರದೇಶಕ್ಕಷ್ಟೇ ಮೀಸಲು. ಜಿಲ್ಲೆಯ ಎಲ್ಲ ಊರಿಗೂ ಸಿಗಲ್ಲ.

ದುಡ್ಡಿದೆ ಅಂದಮಾತ್ರಕ್ಕೆ ಊರು ಸುಧಾರಿಸಲ್ಲ. ಯಾವ ಕೆರೆ ಮೊದಲು, ಯಾವ ರಸ್ತೆ ಆಮೇಲೆ ಅನ್ನೋದನ್ನ ಗ್ರಾಮಸಭೆಯಲ್ಲಿ ಜನರೇ ಕೇಳಬೇಕು. ಕಾಮಗಾರಿ ಪಟ್ಟಿ, ಖರ್ಚಿನ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಪಡೆಯಬಹುದು.