ಪಾಟಣಕ್ಕೆ ಸೊಸೆಯಾಗಿ ಬಂದವಳು

ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಹೊರಡುವವರು ಅಹಮದಾಬಾದಿನಲ್ಲಿ ಏನು ನೋಡಬೇಕು? ಮಣಿನಗರದಲ್ಲಿ ಮನೆ ಮಾಡಿಕೊಂಡಿರುವ ನನ್ನಂಥವರನ್ನು ಊರಿನ ಕಡೆಯ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದು. ಬೆಂಗಳೂರಿನಿಂದ ಸುಮಾರು 1500 ಕಿ.ಮೀ. ದೂರ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಸಾಮಾನ್ಯವಾಗಿ ಹೇಳುವ ಪಟ್ಟಿಯೊಂದು ಸಿದ್ಧವಾಗಿಯೇ ಇರುತ್ತದೆ: ಸಾಬರಮತಿ ಆಶ್ರಮ, ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂದ್ರ, ಹಳೆಯ ಊರಿನ ಪೋಳ್‌ಗಳು, ಸಂಜೆಗೆ ನಮ್ಮ ಮಣಿನಗರದ ಪಕ್ಕದ ಕಾಂಕರಿಯಾ ಕೆರೆ. 1411ರಲ್ಲಿ ಅಹ್ಮದ್ ಷಾ ಕಟ್ಟಿದ ಊರು, 1451ರಲ್ಲಿ ಅವನ ಮೊಮ್ಮಗ ಕುತುಬುದ್ದೀನ್ ಮುಗಿಸಿದ ಕೆರೆ, 2017ರಲ್ಲಿ ಸಿಕ್ಕ ವಿಶ್ವ ಪರಂಪರೆಯ ನಗರದ ಪಟ್ಟ. ಎರಡು ದಿನಕ್ಕೆ ಇಷ್ಟು ಸಾಕು.

ಆದರೆ ಕನ್ನಡದವರು ಯಾರಾದರೂ ಕೇಳಿದರೆ ನಾನು ಈಚೆಗೆ ಬೇರೆ ದಾರಿ ಹೇಳುತ್ತೇನೆ. ಒಂದು ದಿನ ಪಾಟಣಕ್ಕೆ ಹೋಗಿ, ಇನ್ನೊಂದು ದಿನ ಧೋಳ್ಕಾಕ್ಕೆ ಹೋಗಿ. ಪಾಟಣ ಉತ್ತರಕ್ಕೆ ಸುಮಾರು 130 ಕಿ.ಮೀ., ಧೋಳ್ಕಾ ನೈಋತ್ಯಕ್ಕೆ 40 ಕಿ.ಮೀ. ಈ ಎರಡೂ ಊರುಗಳನ್ನು ಜೋಡಿಸುವವಳು ಒಬ್ಬ ಹೆಂಗಸು. ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಸಂಸ್ಕೃತ ಗ್ರಂಥಗಳಲ್ಲಿ ಅವಳ ಹೆಸರು ಮಯಣಲ್ಲಾದೇವಿ. ಗುಜರಾತಿಗಳ ಬಾಯಲ್ಲಿ ಮೀನಳದೇವಿ.

ಆಗ ಗುಜರಾತನ್ನು ಆಳುತ್ತಿದ್ದವರು ಸೋಲಂಕಿಗಳು. ಇತಿಹಾಸದ ಪುಸ್ತಕಗಳು ಅವರನ್ನು ಚೌಲುಕ್ಯರು ಎನ್ನುತ್ತವೆ. ನಮ್ಮ ಬಾದಾಮಿ, ಕಲ್ಯಾಣದ ಚಾಲುಕ್ಯರೊಡನೆ ಹೆಸರು ಹೊಂದಿದರೂ ಇದು ಬೇರೆಯೇ ಮನೆತನ. ಅವರ ರಾಜಧಾನಿ ಅಣಹಿಲವಾಡ, ಅಂದರೆ ಇಂದಿನ ಪಾಟಣ. ಸುಮಾರು 1064ರಲ್ಲಿ ಪಟ್ಟಕ್ಕೆ ಬಂದ ಕರ್ಣ ಎಂಬ ರಾಜ ಸಾಬರಮತಿಯ ದಡದ ಆಶಾಪಲ್ಲಿಯನ್ನು ಗೆದ್ದು ಕರ್ಣಾವತಿ ಎಂಬ ಊರು ಕಟ್ಟಿದ. ಮುಂದೆ ಅಹಮದಾಬಾದ್ ಬೆಳೆದದ್ದು ಅದೇ ನೆಲದಲ್ಲಿ. ಕರ್ಣಾವತಿ ಎಂದ ಕೂಡಲೇ ಕರ್ನಾಟಕ ನೆನಪಾಗುವುದು ಬೇಡ, ಅದು ರಾಜನ ಹೆಸರು. ಕರ್ನಾಟಕದ ನಂಟು ಇರುವುದು ಅವನ ಹೆಂಡತಿಯ ಕಡೆಯಿಂದ. ಮಯಣಲ್ಲೆ ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು.

ಗೋವೆಯ ಕದಂಬರು ತಮ್ಮನ್ನು ಬನವಾಸಿ ಪುರವರಾಧೀಶ್ವರರೆಂದು ಕರೆದುಕೊಂಡವರು. ಇಂದಿನ ಬೆಳಗಾವಿ ಜಿಲ್ಲೆಯ ಹಲಸಿ, ದೇಗಾವಿಗಳಲ್ಲಿ ಅವರ ಗುಡಿಗಳೂ ಶಾಸನಗಳೂ ಇವೆ. ಗುಜರಾತಿನ ಗ್ರಂಥಕಾರರಿಗೆ ಜಯಕೇಶಿ ಕರ್ಣಾಟದ ರಾಜ. ಅವಳ ಹೆಸರಿನ ಕೊನೆಯಲ್ಲಿ ಕನ್ನಡದ ಕಿವಿಗೆ ‘ನಲ್ಲೆ’ ಕೇಳಿಸುತ್ತದೆ. ಆದರೆ ಕಿವಿಗೆ ಕೇಳಿಸಿದ್ದೆಲ್ಲ ಪದದ ಮೂಲವಾಗುವುದಿಲ್ಲ. ಹಾಗೆ ಹೆಸರಿನ ಬೆನ್ನು ಹತ್ತುವುದಕ್ಕಿಂತ ಅವಳ ಬಗ್ಗೆ ಯಾರು ಏನು ಬರೆದರು ಎಂದು ನೋಡುವುದು ಮೇಲು.

ಮೊದಲು ಬರೆದವನು ಹೇಮಚಂದ್ರ. ಅವಳ ಮಗನ ಆಸ್ಥಾನದಲ್ಲೇ ಇದ್ದ ಜೈನ ಆಚಾರ್ಯ, ದೊಡ್ಡ ವೈಯಾಕರಣ. ರಾಜವಂಶದ ಕಥೆ ಹೇಳುತ್ತಲೇ ವ್ಯಾಕರಣದ ಸೂತ್ರಗಳಿಗೆ ಉದಾಹರಣೆ ಕೊಡುವ ‘ದ್ವ್ಯಾಶ್ರಯ’ ಕಾವ್ಯದಲ್ಲಿ ಅವನು ಈ ಮದುವೆಯನ್ನು ವರ್ಣಿಸುತ್ತಾನೆ. ಚಿತ್ರಕಾರನೊಬ್ಬ ದಕ್ಷಿಣದ ಚಂದ್ರಪುರದ ರಾಜಕುಮಾರಿಯ ಪಟವನ್ನು ಕರ್ಣನಿಗೆ ತೋರಿಸುತ್ತಾನೆ. ಕರ್ಣ ಮೋಹಗೊಳ್ಳುತ್ತಾನೆ. ಅವಳೂ ಅವನನ್ನೇ ಬಯಸಿರುತ್ತಾಳೆ. ಕಾವ್ಯಗಳಲ್ಲಿ ನಡೆಯುವಂತೆಯೇ ಎಲ್ಲ ಸುಸೂತ್ರ.

ಎರಡನೆಯವನು ಮೇರುತುಂಗ. ಹೇಮಚಂದ್ರ ತೀರಿಕೊಂಡು ನೂರಮೂವತ್ತು ವರ್ಷಗಳಾದ ಮೇಲೆ, ಸುಮಾರು 1305ರಲ್ಲಿ, ‘ಪ್ರಬಂಧಚಿಂತಾಮಣಿ’ ಬರೆದವನು. ಅವನ ಕಥೆಯಲ್ಲಿ ಮಯಣಲ್ಲೆ ಕುರೂಪಿ. ಕರ್ಣ ನೋಡಿ ಒಲ್ಲೆನೆನ್ನುತ್ತಾನೆ. ದೂರದೇಶದಿಂದ ಬಂದ ಹುಡುಗಿ ತನ್ನ ಎಂಟು ಗೆಳತಿಯರೊಡನೆ ಬೆಂಕಿಗೆ ಬೀಳಲು ಸಿದ್ಧಳಾಗುತ್ತಾಳೆ. ಆಗ ಅಡ್ಡ ಬರುವವಳು ಕರ್ಣನ ತಾಯಿ ಉದಯಮತಿ. ಈ ಹುಡುಗಿಯರು ಸತ್ತರೆ ನಾನೂ ಸಾಯುತ್ತೇನೆ ಎಂದು ಮಗನಿಗೆ ಹೇಳುತ್ತಾಳೆ. ಮದುವೆಯೇನೋ ಆಗುತ್ತದೆ, ಆದರೆ ಗಂಡ ಹೆಂಡತಿಯ ಮುಖ ನೋಡುವುದಿಲ್ಲ. ಮಂತ್ರಿ ಮುಂಜಾಲ ಉಪಾಯ ಮಾಡಿ, ಕರ್ಣ ಬೇರೊಬ್ಬಳಿಗಾಗಿ ಕಾಯುತ್ತಿದ್ದ ಕತ್ತಲಲ್ಲಿ ಅವಳನ್ನೇ ಕಳಿಸುತ್ತಾನೆ. ಹುಟ್ಟಿದ ಮಗ ಸಿದ್ಧರಾಜ ಜಯಸಿಂಹ, ಗುಜರಾತಿನ ಅತಿ ದೊಡ್ಡ ಹೆಸರುಗಳಲ್ಲಿ ಒಂದು.

ಯಾರನ್ನು ನಂಬುವುದು? ಒಬ್ಬ ಅವಳ ಮಗನ ಆಶ್ರಯದಲ್ಲಿದ್ದವನು, ರಾಜಮಾತೆ ಕುರೂಪಿ ಎಂದು ಬರೆಯಲಾರ. ಇನ್ನೊಬ್ಬ ಜನರ ಬಾಯಿಂದ ಕೇಳಿದ್ದನ್ನು ಕೂಡಿಸಿದವನು, ಕತ್ತಲೆ ಉಂಗುರಗಳ ಹಳೆಯ ಕಥೆಯನ್ನೇ ಇವಳ ಮೈಗೂ ಹೊದಿಸಿರಬಹುದು. ನಮ್ಮ ಕಾಲದ ಹತ್ತಿರ ಮೂರನೆಯ ಚಿತ್ರವೂ ಬಂತು. ಕೆ. ಎಂ. ಮುನ್ಷಿಯವರು 1916ರಲ್ಲಿ ‘ಪಾಟಣನೀ ಪ್ರಭುತಾ’ ಕಾದಂಬರಿ ಬರೆದು ಅವಳನ್ನು ರಾಜಕಾರಣದ ನಡುವೆ ನಿಲ್ಲಿಸಿದರು. ಮುಂಜಾಲನ ಮೇಲೆ ಅವಳಿಗಿದ್ದ ಪ್ರೀತಿಯನ್ನೂ ಕಟ್ಟಿದರು. ಇವತ್ತು ಗುಜರಾತಿಗಳು ಮೀನಳದೇವಿ ಎಂದರೆ ಹೆಚ್ಚಾಗಿ ನೆನೆಯುವುದು ಮುನ್ಷಿಯವರ ಮೀನಳಳನ್ನೇ. ಮೂವರೂ ಗಂಡಸರು, ಮೂವರೂ ಅವಳ ರೂಪ ಮತ್ತು ಪ್ರೀತಿಯ ಲೆಕ್ಕ ಹಾಕಿದವರು. ಅವಳದೇ ಒಂದು ಮಾತು ಉಳಿದಿಲ್ಲ. ಹಾಗಾದರೆ ಅವಳನ್ನು ಎಲ್ಲಿ ಹುಡುಕುವುದು? ಅದಕ್ಕೇ ಈ ಎರಡು ದಿನದ ಪ್ರವಾಸ.

ಶನಿವಾರ ಪಾಟಣ. ದಾರಿಯಲ್ಲಿ ಮೊಢೇರಾದ ಸೂರ್ಯ ದೇವಾಲಯ ಸಿಗುತ್ತದೆ, ಅದು ಕರ್ಣನ ತಂದೆ ಭೀಮದೇವನ ಕಾಲದ್ದು. ಪಾಟಣದಲ್ಲಿ ನೋಡಬೇಕಾದದ್ದು ರಾಣೀ ಕೀ ವಾವ್. ನಿಮ್ಮಲ್ಲಿ ಹೊಸ ನೂರು ರೂಪಾಯಿ ನೋಟಿದ್ದರೆ ಅದರ ಹಿಂಬದಿಯಲ್ಲಿರುವುದು ಇದೇ. ಮೇರುತುಂಗ ಹೇಳುವಂತೆ ಇದನ್ನು ಕಟ್ಟಿಸಿದವಳು ಉದಯಮತಿ, ಸೊಸೆಯ ಪರವಾಗಿ ನಿಂತ ಅದೇ ಅತ್ತೆ. ಸುಮಾರು 65 ಮೀಟರ್ ಉದ್ದ, 20 ಮೀಟರ್ ಅಗಲ, 27 ಮೀಟರ್ ಆಳ. ಏಳು ಅಂತಸ್ತು ಇಳಿಯಬೇಕು. ಐನೂರಕ್ಕೂ ಹೆಚ್ಚು ದೊಡ್ಡ ಶಿಲ್ಪಗಳು, ಸಣ್ಣವು ಸಾವಿರಕ್ಕೂ ಮೇಲೆ. ಸರಸ್ವತಿ ನದಿಯ ಹೂಳು ತುಂಬಿ ಶತಮಾನಗಳ ಕಾಲ ಮಣ್ಣೊಳಗೆ ಮುಚ್ಚಿಹೋಗಿತ್ತು. ಪುರಾತತ್ವ ಇಲಾಖೆ ಅಗೆದು ಹೊರತೆಗೆದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಅಷ್ಟು ಕಾಲ ಮುಚ್ಚಿಕೊಂಡಿದ್ದರಿಂದಲೇ ಶಿಲ್ಪಗಳ ಮೂಗು ತುಟಿಗಳು ಇಷ್ಟು ಚೂಪಾಗಿ ಉಳಿದವು.

ಇಲ್ಲಿ ಒಂದು ಪದದ ಸಂಗತಿ. ಗುಜರಾತಿಯ ‘ವಾವ್’ ಬಂದದ್ದು ಸಂಸ್ಕೃತದ ‘ವಾಪೀ’ಯಿಂದ. ನಮ್ಮ ‘ಬಾವಿ’ಯೂ ಅದೇ ‘ವಾಪೀ’. ವ-ಕಾರ ಬ-ಕಾರವಾಗುವುದು ಕನ್ನಡದ ತದ್ಭವಗಳಲ್ಲಿ ಸಾಮಾನ್ಯ: ವನ ಬನವಾಯಿತು, ವಸತಿ ಬಸದಿಯಾಯಿತು. ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಿದವರಿಗೆ ಮೆಟ್ಟಿಲಿಳಿದು ನೀರು ಮುಟ್ಟುವ ಈ ಬಗೆ ಹೊಸದೇನಲ್ಲ. ಸೊಸೆ ಬಂದ ಮನೆಯಲ್ಲಿ ಮಾತು ಬೇರೆಯಾಗಿತ್ತು, ಆದರೆ ಅತ್ತೆ ಕಟ್ಟಿಸಿದ ಬಾವಿಯನ್ನು ಗುರುತು ಹಿಡಿಯಲು ಅವಳಿಗೆ ಭಾಷಾಂತರಕಾರರು ಬೇಕಾಗಿರಲಾರರು.

ವಾವ್‌ನಿಂದ ಸ್ವಲ್ಪ ದೂರದಲ್ಲೇ ಸಹಸ್ರಲಿಂಗ ತಲಾವಿನ ಅವಶೇಷಗಳಿವೆ. ಇದು ಮಗ ಸಿದ್ಧರಾಜನ ಕೆರೆ. ಸರಸ್ವತಿಯಿಂದ ಕಾಲುವೆ ತೆಗೆದು ನೀರು ತುಂಬಿಸುತ್ತಿದ್ದರು, ದಡದ ಸುತ್ತ ಶಿವನ ಪುಟ್ಟ ಗುಡಿಗಳಿದ್ದವು. ಈ ಕೆರೆಗೆ ಅಂಟಿಕೊಂಡ ಜನಪದ ಕಥೆ ಜಸ್ಮಾ ಓಡಣಳದು. ಓಡ್ ಜನ ಮಣ್ಣು ಅಗೆದು ಕೆರೆ ತೋಡುವವರು. ನಮ್ಮಲ್ಲಿ ಊರೂರಿಗೆ ಹೋಗಿ ಕೆರೆ ಕಟ್ಟಿದ ಒಡ್ಡರನ್ನು ನೆನೆಯಿರಿ. ಮಣ್ಣು ಹೊರುತ್ತಿದ್ದ ಜಸ್ಮಾಳ ಮೇಲೆ ಸಿದ್ಧರಾಜ ಕಣ್ಣು ಹಾಕಿದ. ಅವಳು ಒಲ್ಲೆನೆಂದಳು. ಅವನು ಬಿಡಲಿಲ್ಲ. ಅವಳ ಗಂಡ ಸತ್ತ, ಅವಳು ಬೆಂಕಿ ಹೊಕ್ಕಳು, ಈ ಕೆರೆಯಲ್ಲಿ ನೀರು ನಿಲ್ಲದಿರಲಿ ಎಂದು ಶಾಪ ಕೊಟ್ಟಳು. ಭವಾಯಿ ಆಟದವರು ತಲೆಮಾರುಗಳಿಂದ ಇದನ್ನು ಆಡುತ್ತ ಬಂದಿದ್ದಾರೆ. ಇದು ನಡೆದದ್ದೆಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ದೊಡ್ಡ ರಾಜನೊಬ್ಬನ ದೊಡ್ಡ ಕೆಲಸದ ಪಕ್ಕದಲ್ಲೇ ಜನ ಇಂಥ ಕಥೆಯೊಂದನ್ನು ಜೋಪಾನವಾಗಿ ಇಟ್ಟುಕೊಂಡದ್ದಂತೂ ನಿಜ. ‘ಕೆರೆಗೆ ಹಾರ’ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಮಾತಲ್ಲ. ಕೆರೆಯ ನೀರಿಗೆ ಬೆಲೆ ತೆತ್ತವರು ಯಾರು ಎಂಬ ಲೆಕ್ಕವನ್ನು ಶಾಸನ ಬರೆಯುವುದಿಲ್ಲ, ಹಾಡು ಬರೆಯುತ್ತದೆ.

ಭಾನುವಾರ ಧೋಳ್ಕಾ. ಇಲ್ಲಿನ ಮಲಾವ್ ತಲಾವನ್ನು ಮೀನಳದೇವಿ ಕಟ್ಟಿಸಿದಳೆಂದು ಹೇಳುತ್ತಾರೆ. ಕೆರೆಯ ನಕ್ಷೆ ತಯಾರಾದಾಗ ಒಂದು ಪಕ್ಕಕ್ಕೆ ವೇಶ್ಯೆಯೊಬ್ಬಳ ಮನೆ ಅಡ್ಡ ಬಂತು. ರಾಣಿ ಹಣ ಕೊಡುತ್ತೇನೆಂದಳು. ಆ ಹೆಂಗಸು ಒಪ್ಪಲಿಲ್ಲ. ನಿಮ್ಮ ಕೆರೆಯಿಂದ ನಿಮಗೆ ಹೆಸರು, ಕೊಡಲಿಲ್ಲವೆಂಬ ಹೆಸರು ನನಗಿರಲಿ ಎಂದಳಂತೆ. ರಾಣಿ ಬಲವಂತ ಮಾಡಲಿಲ್ಲ. ಮನೆಯನ್ನು ಬಿಟ್ಟು ಕೆರೆಯನ್ನು ಸೊಟ್ಟಗೆ ಕಟ್ಟಿಸಿದಳು. ನ್ಯಾಯ ನೋಡಬೇಕೆಂದರೆ ಮಲಾವ್ ಕೆರೆ ನೋಡು ಎಂಬ ಗಾದೆ ಗುಜರಾತಿನಲ್ಲಿ ಹುಟ್ಟಿದ್ದು ಹೀಗೆ.

ಇದೂ ದಂತಕಥೆಯೇ. ಆದರೆ ಇದನ್ನು ಒಂಟಿಯಾಗಿ ಓದಬಾರದು. ಮೇರುತುಂಗನಲ್ಲಿ ಇದರ ಅಕ್ಕನಂಥ ಇನ್ನೊಂದು ಕಥೆಯಿದೆ. ಮಯಣಲ್ಲೆ ಸೋಮನಾಥಕ್ಕೆ ಹೋಗಿ ಬಂಗಾರದಿಂದ ಪೂಜೆ ಮಾಡಿಸಿ, ದಾನ ಕೊಟ್ಟು, ನನ್ನಂಥ ಪುಣ್ಯವಂತೆ ಇಲ್ಲವೆಂದು ಬೀಗುತ್ತಾಳೆ. ದೇವರು ಕಾಣಿಸಿಕೊಂಡು, ಇಲ್ಲೇ ಒಬ್ಬ ಬಡ ಯಾತ್ರಿಕಳಿದ್ದಾಳೆ, ಅವಳ ಪುಣ್ಯವನ್ನು ಕೇಳು ಎನ್ನುತ್ತಾನೆ. ಹುಡುಕಿಸಿ ಕೇಳಿದರೆ ಆ ಹೆಂಗಸು ಕೊಡುವುದಿಲ್ಲ. ನೂರು ಯೋಜನ ಭಿಕ್ಷೆ ಬೇಡುತ್ತ ಬಂದವಳು ಅವಳು. ಸಿಕ್ಕ ಚೂರು ಹಿಂಡಿಯಲ್ಲೇ ದೇವರಿಗಿಷ್ಟು, ಅತಿಥಿಗಿಷ್ಟು ಕೊಟ್ಟು ಉಳಿದದ್ದನ್ನು ತಿಂದು ಉಪವಾಸ ಮುರಿದಿದ್ದಾಳೆ. ರಾಣಿಯ ಗರ್ವ ಇಳಿಯುತ್ತದೆ.

ಒಬ್ಬಳು ಮನೆ ಕೊಡಲಿಲ್ಲ, ಒಬ್ಬಳು ಪುಣ್ಯ ಕೊಡಲಿಲ್ಲ. ಏನೂ ಇಲ್ಲದ ಇಬ್ಬರು ಹೆಂಗಸರು ರಾಣಿಗೆ ಒಲ್ಲೆ ಎಂದರು, ರಾಣಿ ಆ ಮಾತನ್ನು ಉಳಿಸಿಕೊಟ್ಟಳು. ಮಗನ ಕೆರೆಯಲ್ಲಿ ಅದೇ ಮಾತು ಆಡಿದವಳು ಬೆಂಕಿಗೆ ಹೋಗಬೇಕಾಯಿತು. ಯಾರೂ ಒಟ್ಟಿಗೆ ಕೂತು ಬರೆಯದ ಈ ಕಥೆಗಳು ಒಂದೇ ಕಡೆಗೆ ಬೆರಳು ತೋರುತ್ತವೆ. ರೂಪದ ಬಗ್ಗೆ ಗ್ರಂಥಗಳು ಜಗಳವಾಡುತ್ತಿದ್ದಾಗ ಜನ ಅವಳನ್ನು ನೆನಪಿಟ್ಟುಕೊಂಡದ್ದು ಈ ಒಂದು ಗುಣಕ್ಕೆ.

ಇನ್ನೊಂದು ಕೆಲಸಕ್ಕೂ ಅವಳ ಹೆಸರಿದೆ. ಬಾಹುಲೋಡ ಎಂಬಲ್ಲಿ ಸೋಮನಾಥದ ಯಾತ್ರಿಕರಿಂದ ಸುಂಕ ವಸೂಲಿ ಮಾಡುತ್ತಿದ್ದರು. ಕೊಡಲಾಗದವರು ಅತ್ತುಕೊಂಡು ಹಿಂದಿರುಗುತ್ತಿದ್ದರು. ಅದನ್ನು ನೋಡಿ ರಾಜಮಾತೆ ತಾನೂ ಹಿಂದಿರುಗಿದಳು. ಸಿದ್ಧರಾಜ ಕಾರಣ ಕೇಳಿದ. ಆ ಸುಂಕದ ವರಮಾನ 72 ಲಕ್ಷವೆಂದು ಮೇರುತುಂಗ ಬರೆಯುತ್ತಾನೆ. ಮಗ ಅದರ ಪತ್ರವನ್ನು ಹರಿದುಹಾಕಿದ. ಅವಳಿಗೆ ಈ ಹಟ ಎಲ್ಲಿಂದ ಬಂತು? ಪೂರ್ವಜನ್ಮದಲ್ಲಿ ಅವಳು ಅದೇ ಸುಂಕದ ಕಟ್ಟೆಯಲ್ಲಿ ತಡೆಯಲ್ಪಟ್ಟ ಬ್ರಾಹ್ಮಣ ಹೆಂಗಸು, ಅದನ್ನು ತೆಗೆಸಲೆಂದೇ ಗುಜರಾತಿನ ರಾಜನನ್ನು ಬಯಸಿ ಬಂದಳು ಎಂಬುದು ಮೇರುತುಂಗನ ಉತ್ತರ.

ನನಗೆ ಇನ್ನೊಂದು ಉತ್ತರ ತೋಚುತ್ತದೆ, ಅದು ಅವಳ ತವರಿನ ಶಾಸನದಲ್ಲಿದೆ. ಕದಂಬರು ಹಡಗಿನ ಜನ. ಜಯಕೇಶಿಯ ಕಾಲದ ತಾಮ್ರಶಾಸನವೊಂದು ಅವನ ಪೂರ್ವಜ ಗುಹಲ್ಲದೇವ ಸೋಮನಾಥಕ್ಕೆ ಸಮುದ್ರದ ಮೇಲೆ ಹೊರಟ ಕಥೆ ಹೇಳುತ್ತದೆ. ದಾರಿಯಲ್ಲಿ ಹಡಗಿನ ಪಟಸ್ತಂಭ ಮುರಿಯಿತು. ಹೇಗೋ ಗೋವೆಯ ಬಂದರು ಸೇರಿದಾಗ ಸಹಾಯ ಮಾಡಿದವನು ಮದುಮದ ಎಂಬ ಅರಬ್ ಮೂಲದ ವರ್ತಕ. ಆ ಉಪಕಾರವನ್ನು ಮರೆಯದೆ ಕದಂಬರು ಅವನ ಮೊಮ್ಮಗನಿಗೆ ಅಧಿಕಾರ ಕೊಟ್ಟರು. ಸೋಮನಾಥದ ಯಾತ್ರೆ, ಅದರ ಕಷ್ಟ, ದಾರಿಯಲ್ಲಿ ಕೈಹಿಡಿದವರ ಋಣ ಇವೆಲ್ಲ ಆ ಮನೆಯಲ್ಲಿ ತಾಮ್ರದಲ್ಲಿ ಕೊರೆಸಿಡುವಷ್ಟು ದೊಡ್ಡ ಸಂಗತಿಗಳಾಗಿದ್ದವು. ಅಂಥ ಮನೆಯ ಮಗಳು ಯಾತ್ರಿಕರನ್ನು ಹಿಂದಕ್ಕೆ ಕಳಿಸುವುದನ್ನು ನೋಡಿ ಸುಮ್ಮನಿರದಿದ್ದರೆ ಅದಕ್ಕೆ ಪೂರ್ವಜನ್ಮ ಬೇಕಿಲ್ಲ. ಪೂರ್ವಜನ್ಮದ ನೆನಪೆಂದು ಗುಜರಾತಿನವರು ಬರೆದದ್ದು ತವರಿನ ನೆನಪಾಗಿರಬಹುದು. ಇದು ನನ್ನ ಊಹೆ, ಆದರೆ ಮದುವೆಯಾಗಿ ದೂರ ಬಂದವರು ಯಾರೂ ಇದನ್ನು ಅಸಂಭವ ಎನ್ನಲಾರರು.

ಇಂಥ ಕಥೆ ಸಿಕ್ಕಾಗ, ಗುಜರಾತನ್ನು ಆಳಿದವಳು ನಮ್ಮವಳು ಎಂದು ಎದೆ ತಟ್ಟಿಕೊಳ್ಳುವ ಆಸೆ ನಮಗೆ ಬರುತ್ತದೆ. ಆಗ ಇನ್ನೂ ಒಬ್ಬನನ್ನು ನೆನೆಯಬೇಕು. ಅದೇ ಕರ್ಣನ ಆಸ್ಥಾನಕ್ಕೆ ಬಂದ ಕಾಶ್ಮೀರದ ಬಿಲ್ಹಣ ‘ಕರ್ಣಸುಂದರೀ’ ಎಂಬ ನಾಟಿಕೆ ಬರೆದ. ಅದರ ನಾಯಕಿ ಮಯಣಲ್ಲೆಯೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಆಮೇಲೆ ಅವನು ಸೋಮನಾಥ ನೋಡಿ, ಸಮುದ್ರದ ಮೇಲೆ ದಕ್ಷಿಣಕ್ಕೆ ಬಂದು, ಕೊನೆಗೆ ನಮ್ಮ ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ಅವನನ್ನು ನಾವು ಹಿಂದಕ್ಕೆ ಕಳಿಸಲಿಲ್ಲ. ಮೀನಳದೇವಿಯನ್ನು ಗುಜರಾತ್ ಕಳಿಸಲಿಲ್ಲ. ಇಲ್ಲಿ ಇವತ್ತಿಗೂ ಹೆಣ್ಣುಮಕ್ಕಳಿಗೆ ಮೀನಲ್ ಎಂದು ಹೆಸರಿಡುತ್ತಾರೆ, ಹಾಗೆ ಕರೆಯುವಾಗ ಯಾರಿಗೂ ಕರ್ನಾಟಕ ನೆನಪಾಗುವುದಿಲ್ಲ. ನೆನಪಾಗದಷ್ಟು ಅವಳು ಇಲ್ಲಿಯವಳಾದಳು.

ಬರುವವರಿಗೆ ಕೊನೆಯ ಒಂದು ಮಾತು. ಪಾಟಣದ ವಾವ್ ನೋಡಲು ಅರ್ಧ ದಿನ ಬೇಕು, ಮಲಾವ್ ಕೆರೆಗೆ ಅರ್ಧ ಗಂಟೆ ಸಾಕು. ಬಿಸಿಲು ತಣ್ಣಗಾಗಿರುವ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಕೆರೆಯ ಬಳಿ ಶಿಲ್ಪಗಳನ್ನು ಹುಡುಕಬೇಡಿ. ದಡದ ಮೇಲೆ ನಿಧಾನವಾಗಿ ನಡೆಯಿರಿ, ಅಂಚು ಎಲ್ಲಿ ಸೊಟ್ಟಗಾಗಿದೆ ಎಂದು ಮಾತ್ರ ನೋಡಿ.