ಕೈತಪ್ಪಿದ ಪ್ರತಿಗಳು



ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯನ್ನು ನಾವು ಮೂವರು ಉಪಾಧ್ಯಾಯರು ಕೂಡಿ ಸಿದ್ಧಪಡಿಸುತ್ತಿದ್ದೆವು. ಇದ್ದುದು ಒಂದೇ ಕಡತ. ಅದನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಒಬ್ಬೊಬ್ಬರೂ ಮನೆಗೆ ಒಯ್ಯುವುದು, ತಿದ್ದಿ ತರುವುದು, ಹೀಗೆ ಕೆಲಸ ಸಾಗಿತ್ತು. ಒಂದು ಸೋಮವಾರ ನಾನು ನನ್ನ ಪ್ರತಿಯನ್ನು ತಂದು ಶಾಲೆಯ ಕಂಪ್ಯೂಟರಿನಲ್ಲಿದ್ದುದರ ಮೇಲೆಯೇ ಹಾಕಿದೆ. ನನ್ನದು ಶುಕ್ರವಾರದ ಪ್ರತಿ. ಶನಿವಾರ ಮಿಕ್ಕಿಬ್ಬರೂ ಸಂಜೆಯವರೆಗೆ ಕುಳಿತು ಸೇರಿಸಿದ್ದ ಹನ್ನೊಂದು ಲೇಖನಗಳು ಅದರಲ್ಲಿರಲಿಲ್ಲ. ಲಿಪಿಕಾರರು ಎಸಗುವ ದೋಷಗಳನ್ನು ಪಂಡಿತ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಾನು, ಯಾವ ಲಿಪಿಕಾರನೂ ಮಾಡದ ದೊಡ್ಡ ಲೋಪವನ್ನು ಒಂದೇ ಗುಂಡಿಯನ್ನೊತ್ತಿ ಮಾಡಿದ್ದೆ.

ಈ ಸಂಗತಿಯನ್ನು ಕೇಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. “ಸಾರ್, ನಮ್ಮಲ್ಲಿ ಇಂತಹ ತಪ್ಪು ದಿನಕ್ಕೊಂದು ಆಗುತ್ತದೆ. ಆದರೆ ಬರೆದದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ” ಎಂದ. ಏಕೆ ಹೋಗುವುದಿಲ್ಲವೆಂದು ಅವನಿಂದ ಕೇಳಿ ತಿಳಿದು, ಆ ಬಳಿಕ ನಾನೂ ಓದಿಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಂಪ್ಯೂಟರನ್ನು ನಡೆಸುವ ಆಜ್ಞೆಗಳೂ ಒಂದು ಬಗೆಯ ಬರಹವೇ. ದೊಡ್ಡ ತಂತ್ರಾಂಶವೊಂದರಲ್ಲಿ ಅಂತಹ ಲಕ್ಷಾಂತರ ಸಾಲುಗಳಿರುತ್ತವೆ. ಬರೆಯುವವರು ನೂರಾರು ಮಂದಿ. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬುದನ್ನು ದಾಖಲಿಸಿಡುವ ಏರ್ಪಾಡಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು 1972ರಲ್ಲಿ ರಚಿಸಿದ ಎಸ್‌ಸಿಸಿಎಸ್ ಇವುಗಳಲ್ಲಿ ಮೊದಮೊದಲಿನದು. ಒಂದೊಂದು ಆವೃತ್ತಿಯನ್ನೂ ಇಡಿಯಾಗಿ ಕಾಪಿಡದೆ, ಆದ ವ್ಯತ್ಯಾಸಗಳನ್ನಷ್ಟೆ ಬರೆದಿಟ್ಟು, ಬೇಕಾದಾಗ ಬೇಕಾದ ಆವೃತ್ತಿಯನ್ನು ಕಟ್ಟಿಕೊಡುವುದು ಅದರ ಕ್ರಮ. ನಾವು ಗ್ರಂಥಸಂಪಾದನೆಯಲ್ಲಿ ಅಡಿಟಿಪ್ಪಣಿಯಾಗಿ ಪಾಠಾಂತರಗಳನ್ನು ಕೊಡುವುದಿಲ್ಲವೆ, ಹಾಗೆ. 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ಅವರ ಆರ್‌ಸಿಎಸ್ ಬಂದಿತು. ಹೊಸ ಪ್ರತಿಯನ್ನು ಇಡಿಯಾಗಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ಹಳೆಯದನ್ನು ತಲಪುವುದು ಅದರ ಜಾಣ್ಮೆ.

ಆದರೆ ಈ ಎರಡರಲ್ಲೂ ವಾಡಿಕೆಯ ಕ್ರಮವೆಂದರೆ ಬೀಗ ಹಾಕುವುದು. ಒಬ್ಬನು ಕಡತವನ್ನು ತಿದ್ದಲು ತೆಗೆದುಕೊಂಡನೆಂದರೆ ಅವನು ಹಿಂದಿರುಗಿಸುವವರೆಗೆ ಇತರರು ಅದನ್ನು ಮುಟ್ಟುವಂತಿಲ್ಲ. ಪುಸ್ತಕದ ಬೀರುವಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ರಜೆಯ ಮೇಲೆ ಊರಿಗೆ ಹೊರಟುಬಿಡುವ ಮೇಷ್ಟರನ್ನು ಕಂಡವರಿಗೆ ಇದರ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬೀಗವನ್ನು ತೆಗೆದವರು ಒಬ್ಬ ಉಪಾಧ್ಯಾಯರೆಂಬುದು ನನಗೆ ಹೆಮ್ಮೆಯ ಸಂಗತಿ. ಆಮ್‌ಸ್ಟರ್‌ಡಾಮಿನ ವ್ರೈ ವಿಶ್ವವಿದ್ಯಾಲಯದ ಡಿಕ್ ಗ್ರೂನ್ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಸೇರಿ, ‘ಸಿ’ ಎಂಬ ಗಣಕಭಾಷೆಗೆ ಅನುವಾದಕ ಕಾರ್ಯಕ್ರಮವೊಂದನ್ನು ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದಕ್ಕೆ ಏಳುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗುರುಗಳಿಗೋ ಬಿಡುವು ಸಿಗುತ್ತಿದ್ದುದು ಸಂಜೆಯ ವೇಳೆಗೆ. ಮೂವರೂ ಒಬ್ಬರಿಗಾಗಿ ಒಬ್ಬರು ಕಾಯದೆ ದುಡಿಯಬೇಕಲ್ಲ! ಅದಕ್ಕಾಗಿ ಅವರು ಆರ್‌ಸಿಎಸ್‌ನ ಮೇಲೆ ಕಟ್ಟಿದ ಸಣ್ಣ ಏರ್ಪಾಡು 1986ರಲ್ಲಿ ಸಿವಿಎಸ್ ಎಂಬ ಹೆಸರಿನಿಂದ ಲೋಕದ ಕೈಗೆ ಬಂದಿತು. ಅದರಲ್ಲಿ ಯಾರು ಬೇಕಾದರೂ ತಮ್ಮ ಪ್ರತಿಯನ್ನು ತಿದ್ದಬಹುದು. ತಂದೊಪ್ಪಿಸುವಾಗ ಮಾತ್ರ ಯಂತ್ರವು ಪರೀಕ್ಷಿಸುತ್ತದೆ: ನೀವು ಒಯ್ದ ಬಳಿಕ ಇನ್ನೊಬ್ಬರು ಬದಲಾವಣೆ ಮಾಡಿದ್ದರೆ, ನಿಮ್ಮ ಪ್ರತಿ ಹಳತಾಗಿದೆ, ಮೊದಲು ಅವರದನ್ನು ಬೆರೆಸಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳಿಸುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಎರಡು ಪಾಠಗಳನ್ನೂ ಮುಂದಿಟ್ಟು, ಆಯುವುದನ್ನು ಮನುಷ್ಯನಿಗೇ ಬಿಡುತ್ತದೆ. ಆ ಸೋಮವಾರ ನಮ್ಮ ಶಾಲೆಯಲ್ಲಿ ಬೇಕಾಗಿದ್ದುದು ಇಷ್ಟೆ.

ಸಿವಿಎಸ್‌ನಲ್ಲಿ ಒಂದು ಕೊರತೆಯಿತ್ತು. ಹಳೆಯ ಆವೃತ್ತಿಗಳ ಭಂಡಾರ ಇರುತ್ತಿದ್ದುದು ಒಂದೇ ಕೇಂದ್ರದಲ್ಲಿ. ಮಿಕ್ಕವರ ಬಳಿ ಇಂದಿನ ಪ್ರತಿಯುಂಟು, ನಿನ್ನೆಯದಿಲ್ಲ. ಲಿನಕ್ಸ್ ಎಂಬ ಪ್ರಸಿದ್ಧ ತಂತ್ರಾಂಶದ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅವರಿಗೆ ಈ ಪದ್ಧತಿ ಮೊದಲಿನಿಂದಲೂ ಹಿಡಿಸಿರಲಿಲ್ಲ. 2002ರಿಂದ ಅವರು ಬಿಟ್‌ಕೀಪರ್ ಎಂಬ ಬೇರೊಂದು ಏರ್ಪಾಡನ್ನು ಬಳಸುತ್ತಿದ್ದರು. 2005ರಲ್ಲಿ ಅದನ್ನು ಉಚಿತವಾಗಿ ಬಳಸುವ ಅನುಮತಿ ನಿಂತುಹೋಯಿತು. ಆ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಅವರು ಗಿಟ್ ಎಂಬುದನ್ನು ಬರೆಯಲು ಕೈಹಾಕಿ, ಕೆಲವೇ ದಿನಗಳಲ್ಲಿ ಗಿಟ್‌ನ ಬರಹವನ್ನು ಗಿಟ್‌ನಲ್ಲಿಯೇ ಇಡುವಷ್ಟು ಮುಂದುವರಿದರು. ಜುಲೈಯಲ್ಲಿ ಅದರ ಪೋಷಣೆಯ ಹೊಣೆಯನ್ನು ಜೂನಿಯೋ ಹಮಾನೋ ಅವರಿಗೆ ಒಪ್ಪಿಸಿದರು. ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ.

ಗಿಟ್‌ನ ಗುಟ್ಟನ್ನು ತುಸು ಬಿಡಿಸಿ ನೋಡೋಣ, ಏಕೆಂದರೆ ಮುಂದೆ ಹೇಳುವ ಕಥೆ ಅದರ ಮೇಲೆಯೇ ನಿಂತಿದೆ. ಕೆಲಸದ ಒಂದು ಹಂತವನ್ನು ಮುಗಿಸಿ ಭಂಡಾರಕ್ಕೆ ಒಪ್ಪಿಸುವುದಕ್ಕೆ ಕಮಿಟ್ ಎನ್ನುತ್ತಾರೆ. ಪ್ರತಿಯೊಂದು ಕಮಿಟ್‌ಗೂ, ಅದರೊಳಗಿನ ಬರಹದಿಂದಲೇ ಲೆಕ್ಕ ಹಾಕಿದ 40 ಅಕ್ಷರಾಂಕಗಳ ಗುರುತೊಂದು ಮೊದಲಿನಿಂದ ಬಂದಿರುವ ಪದ್ಧತಿ. ಒಳಗೆ ಒಂದು ದೀರ್ಘ ಬದಲಾದರೂ ಆ ಗುರುತು ಬೇರೆಯಾಗುತ್ತದೆ. ಅಲ್ಲದೆ ಪ್ರತಿ ಕಮಿಟ್ ತನ್ನ ಹಿಂದಿನದರ ಗುರುತನ್ನು ತನ್ನೊಳಗೆ ಬರೆದುಕೊಂಡಿರುತ್ತದೆ. ವಂಶಾವಳಿಯಲ್ಲಿ ಮಗ ತಂದೆಯ ಹೆಸರು ಹೇಳುವಂತೆ. ಶಾಖೆಯೆಂಬುದು ಮತ್ತೇನಲ್ಲ, ಆ ಸರಣಿಯ ತುದಿಯ ಕಮಿಟ್‌ಗೆ ಅಂಟಿಸಿದ ಒಂದು ಹೆಸರಿನ ಚೀಟಿ. ಚೀಟಿಯನ್ನು ಕಿತ್ತು ಹಳೆಯ ಕಮಿಟ್‌ಗೆ ಅಂಟಿಸಿದರೆ, ಮುಂದಿನವೆಲ್ಲ ನಾಶವಾದಂತೆ ತೋರುತ್ತದೆ. ವಾಸ್ತವವಾಗಿ ಅವು ಹೆಸರಿಲ್ಲದೆ ಕತ್ತಲಲ್ಲಿ ಕುಳಿತಿರುತ್ತವೆ. ಚೀಟಿ ಎಲ್ಲೆಲ್ಲಿ ಓಡಾಡಿತೆಂಬುದರ ದಿನಚರಿಯನ್ನು ಗಿಟ್ ಆಯಾ ಯಂತ್ರದಲ್ಲಿ ಬರೆದಿಡುತ್ತದೆ. ಅದಕ್ಕೆ ರೆಫ್‌ಲಾಗ್ ಎಂದು ಹೆಸರು. ನಾವಾಗಿ ಬದಲಿಸದಿದ್ದರೆ, ಸರಣಿಯಲ್ಲಿ ಉಳಿದವುಗಳ ದಾಖಲೆ 90 ದಿನ, ಸರಣಿಯಿಂದ ಕಳಚಿಹೋದವುಗಳದು 30 ದಿನ ನಿಲ್ಲುತ್ತದೆ. ಅಷ್ಟರೊಳಗೆ ನೆನಪಾದವನು ಹಳೆಯ ಗುರುತನ್ನು ಹುಡುಕಿ ಚೀಟಿಯನ್ನು ಮರಳಿ ಅಂಟಿಸಿದರಾಯಿತು. ಕಮಿಟ್ ಮಾಡದೆಯೇ ಕಳೆದುಕೊಂಡುದಕ್ಕೆ ಮಾತ್ರ ಈ ದಿನಚರಿಯಲ್ಲಿ ಸಾಕ್ಷ್ಯವಿಲ್ಲ.

ಗಿಟ್ ಕೂಡ ಸಿವಿಎಸ್‌ನಂತೆಯೇ ಹಳತಾದ ಪ್ರತಿಯನ್ನು ತಂದೊಪ್ಪಿಸುವವನನ್ನು ತಡೆಯುತ್ತದೆ. ಆದರೆ ‘ಇರಲಿ, ಬಲವಂತವಾಗಿ ಒಪ್ಪಿಸಿಕೊ’ ಎಂಬ ಆಜ್ಞೆಯೂ ಉಂಟು. ಅದು ಫೋರ್ಸ್ ಪುಶ್. ಇನ್ನು ಕಥೆಗೆ ಬರೋಣ.

ಜೆಂಕಿನ್ಸ್ ಎಂಬುದು ಸಾಫ್ಟ್‌ವೇರನ್ನು ಕಟ್ಟಿ ಪರೀಕ್ಷಿಸುವ ಕೆಲಸವನ್ನು ತಾನೇ ನಡೆಸಿಕೊಂಡು ಹೋಗುವ ತಂತ್ರಾಂಶ. ನಾನಾ ದೇಶಗಳ ಕಾರ್ಯಕರ್ತರು ಅದನ್ನು ಬೆಳೆಸಿದ್ದಾರೆ. ಅದರ ನೂರಾರು ಭಂಡಾರಗಳು ಗಿಟ್‌ಹಬ್ ಎಂಬ ತಾಣದಲ್ಲಿದ್ದವು. ಬಳಗದ ಒಳಗಿನವರನ್ನು ನಂಬಿ, ಎಲ್ಲ ಭಂಡಾರಗಳಲ್ಲೂ ಬರೆಯುವ ಅಧಿಕಾರವನ್ನು ಧಾರಾಳವಾಗಿ ಕೊಡುವುದು ಅವರ ಅಂದಿನ ಪದ್ಧತಿಯಾಗಿತ್ತು. 2013ರ ನವೆಂಬರ್ 10ರಂದು ಅಂತಹ ನಂಬಿಕಸ್ಥ ಸದಸ್ಯರೊಬ್ಬರ ಯಂತ್ರದಲ್ಲಿ ಒಂದು ವ್ಯವಸ್ಥೆ ತಪ್ಪಾಗಿ ಹೊಂದಿಕೆಯಾಗಿತ್ತು. ತನ್ನಲ್ಲಿದ್ದ ಹಳೆಯ ಪ್ರತಿಗಳನ್ನು ಅದು ತಾನೇ ತಾನಾಗಿ, ಬಲವಂತದ ಆಜ್ಞೆಯೊಡನೆ, ಗಿಟ್‌ಹಬ್ಬಿಗೆ ತಳ್ಳಿಬಿಟ್ಟಿತು. 150ಕ್ಕೂ ಮಿಕ್ಕಿದ ಭಂಡಾರಗಳಲ್ಲಿ ಚೀಟಿಗಳು ಹಿಂದಕ್ಕೆ ಸರಿದವು. ನಡುವೆ ನಡೆದಿದ್ದ ಕೆಲಸವೆಲ್ಲ ಕಣ್ಣಿಗೆ ಕಾಣದಾಯಿತು. ನನ್ನ ಶುಕ್ರವಾರದ ಪ್ರತಿಯ ಕಥೆಯೇ, ನೂರೈವತ್ತು ಪಾಲು ಹಿಗ್ಗಿ!

ಇಲ್ಲಿ ಅವರು ನಡೆದುಕೊಂಡ ರೀತಿ ನನಗೆ ಬಹುವಾಗಿ ಮೆಚ್ಚಿಕೆಯಾಯಿತು. ತಪ್ಪಿತಸ್ಥನನ್ನು ಹೊರಗಟ್ಟುವ ಗಲಾಟೆಗೆ ಅವರು ಇಳಿಯಲಿಲ್ಲ. ಆ ಸದಸ್ಯರೂ ಮುಚ್ಚಿಡದೆ ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು. ಇಂತಹ ವೇಳೆಯಲ್ಲಿ ಅವಸರದ ತಿದ್ದುಪಡಿಯೇ ದೊಡ್ಡ ಅಪಾಯ. ಹಿಂದೆ ಸರಿದ ಚೀಟಿಯ ಮೇಲೆ ಯಾರಾದರೂ ಹೊಸ ಕಮಿಟ್ ಸೇರಿಸಿದರೆ ಸರಣಿ ಕವಲೊಡೆಯುತ್ತದೆ. ಹಳೆಯ ತುದಿಗೆ ಚೀಟಿಯನ್ನು ಒಯ್ದರೆ ಹೊಸಬನ ಕೆಲಸ ಕತ್ತಲಿಗೆ ಬೀಳುತ್ತದೆ. ಆದುದರಿಂದ ಒಂದೊಂದು ಶಾಖೆಯ ನಿಜವಾದ ತುದಿ ಯಾವುದೆಂದು ಪತ್ತೆಮಾಡಬೇಕು. ಗಿಟ್‌ಹಬ್ಬಿನ ಸಹಾಯ ವಿಭಾಗದವರು ಇದಕ್ಕೆ ನೆರವಾದರು. ಕಮಿಟ್‌ಗಳೇನೂ ನಾಶವಾಗಿರಲಿಲ್ಲ, ಚೀಟಿಗಳು ಒಂದೊಂದಾಗಿ ತಮ್ಮ ಸ್ಥಾನಕ್ಕೆ ಮರಳಿದವು.

ಕಾಕತಾಳೀಯವೆಂದರೆ, ಅದೇ ನವೆಂಬರಿನ ಕೊನೆಗೆ ಹೊರಬಂದ ಗಿಟ್ 1.8.5ರಲ್ಲಿ, ಬಲವಂತದ ಆಜ್ಞೆಗೆ ಒಂದು ಮೆದು ರೂಪ ದೊರೆಯಿತು. ‘ನಾನು ಕೊನೆಯ ಸಲ ಕಂಡಂತೆಯೇ ಅಲ್ಲಿ ಇದ್ದರೆ ಮಾತ್ರ ಒಪ್ಪಿಸಿಕೊ’ ಎಂಬುದು ಅದರ ಅರ್ಥ. 2015ರಲ್ಲಿ ಗಿಟ್‌ಹಬ್, ಮುಖ್ಯ ಶಾಖೆಗಳ ಮೇಲೆ ಬಲವಂತ ನಡೆಯದಂತೆ ಕಾವಲಿಡುವ ಅನುಕೂಲವನ್ನು ಒದಗಿಸಿತು.

ಇಷ್ಟನ್ನು ಕೇಳಿ, ಪ್ರತಿಗಳು ಹಲವಿದ್ದರೆ ಭಯವಿಲ್ಲವೆಂದು ಯಾರಾದರೂ ನಿಶ್ಚಿಂತರಾಗಿ ಕುಳಿತಾರು. 2013ರ ಮಾರ್ಚ್ ತಿಂಗಳಲ್ಲಿ ಹಾಗೆ ಕುಳಿತವರು ಬೆಚ್ಚಿಬಿದ್ದರು. ಕೆಡಿಇ ಎಂಬುದು ಲಿನಕ್ಸಿನ ಬಳಕೆದಾರರಿಗೆ ಪರದೆಯ ಮೇಲಿನ ಮೇಜನ್ನು ಒದಗಿಸುವ ದೊಡ್ಡ ಯೋಜನೆ. ಅವರಲ್ಲಿ ಸುಮಾರು 1500 ಭಂಡಾರಗಳಿದ್ದವು. 22ರಂದು ಮುಖ್ಯ ಸರ್ವರನ್ನು ಭದ್ರತೆಯ ಪರಿಷ್ಕಾರಕ್ಕಾಗಿ ನಿಲ್ಲಿಸಿ ಮತ್ತೆ ಹೊರಡಿಸಿದಾಗ ಕಡತಗಳು ಕೆಟ್ಟಿರುವುದು ಕಂಡುಬಂದಿತು. ಚಿಂತೆಯೇಕೆ, ಮುಖ್ಯ ಸರ್ವರಿನ ಪ್ರತಿಬಿಂಬದಂತಿರುವ ಬೇರೆ ಸರ್ವರುಗಳು ಇವೆಯಲ್ಲ! ಹೋಗಿ ನೋಡಿದರೆ ಅವೂ ಬರಿದು. ಪ್ರತಿಬಿಂಬದ ಸರ್ವರುಗಳು ಆಗಾಗ್ಗೆ ಮುಖ್ಯ ಸರ್ವರಿನಿಂದ ಭಂಡಾರಗಳ ಪಟ್ಟಿಯನ್ನು ತರಿಸಿಕೊಂಡು, ಪಟ್ಟಿಯಲ್ಲಿಲ್ಲದುದನ್ನು ಅಳಿಸುತ್ತಿದ್ದವು. ಆ ಪಟ್ಟಿಯೇ ಕೆಟ್ಟಿತ್ತು. ಒಡೆಯನ ಮಾತನ್ನು ಅಕ್ಷರಶಃ ಪಾಲಿಸುವ ಆಳಿನಂತೆ ಅವು ಇದ್ದುದನ್ನೆಲ್ಲ ಅಳಿಸಿ ಕುಳಿತಿದ್ದವು. ಕನ್ನಡಿ ಪ್ರತಿಯಲ್ಲ, ವಾಚಕರೆ! ಮುಖದಲ್ಲಿ ಮಸಿಯಾದರೆ ಕನ್ನಡಿಯಲ್ಲೂ ಮಸಿಯೇ. ಪುಣ್ಯವಶಾತ್ ಒಂದು ಯಂತ್ರದಲ್ಲಿ ಮಾತ್ರ, ಅಳಿಸುವ ಆಜ್ಞೆ ತಾಗದೆ, ಭಂಡಾರಗಳ ಒಳ್ಳೆಯ ಪ್ರತಿ ಉಳಿದಿತ್ತು. ಅಲ್ಲಿಂದ ಎಲ್ಲವನ್ನೂ ಮರಳಿ ಪಡೆದರು. ಇದರಲ್ಲಿ ಗಿಟ್‌ನ ಕುಶಲತೆಗಿಂತ ಅದೃಷ್ಟದ ಪಾಲೇ ಹೆಚ್ಚು. ಅಲ್ಲಿನ ನಿರ್ವಾಹಕರೇ ಸಂಗತಿಯನ್ನು ಸಂಕೋಚವಿಲ್ಲದೆ ವಿವರವಾಗಿ ಬರೆದು ಪ್ರಕಟಿಸಿದ್ದಾರೆ.

ತಪ್ಪನ್ನು ಹಿಂದೆಗೆಯಲು ಗಿಟ್‌ನಲ್ಲಿ ಎರಡು ದಾರಿಗಳಿವೆಯೆಂಬುದನ್ನೂ ಹೇಳಬೇಕು. ರೀಸೆಟ್ ಎಂಬುದು ಚೀಟಿಯನ್ನೇ ಹಿಂದಕ್ಕೆ ಒಯ್ಯುತ್ತದೆ; ತಪ್ಪು ನಡೆದೇ ಇಲ್ಲವೆಂಬಂತೆ. ತನ್ನ ಮನೆಯಲ್ಲಿ, ಇನ್ನೂ ಯಾರಿಗೂ ಒಪ್ಪಿಸದ ಕೆಲಸದಲ್ಲಿ, ಅದು ಸರಿ. ರಿವರ್ಟ್ ಎಂಬುದು ತಪ್ಪನ್ನು ಅದರ ಸ್ಥಾನದಲ್ಲಿಯೇ ಉಳಿಸಿ, ಅದನ್ನು ರದ್ದುಮಾಡುವ ಹೊಸ ಕಮಿಟನ್ನು ಮುಂದೆ ಬರೆಯುತ್ತದೆ. ಹತ್ತು ಜನರ ಕೈಗೆ ಹೋದ ಬರಹಕ್ಕೆ ಇದೇ ತಕ್ಕುದು, ಏಕೆಂದರೆ ಇತರರ ಪ್ರತಿಗಳೊಡನೆ ಸರಣಿ ಎಲ್ಲಿಯೂ ತುಂಡಾಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ಅಂಕಿಯನ್ನು ಬ್ಲೇಡಿನಿಂದ ಹೆರೆಯದೆ, ಅಡ್ಡಗೆರೆ ಎಳೆದು, ಪಕ್ಕದಲ್ಲಿ ರುಜು ಹಾಕಬೇಕೆಂದು ನಮ್ಮ ಹಿರಿಯ ಗುಮಾಸ್ತರು ಹೇಳುತ್ತಿದ್ದುದು ನೆನಪಾಗುತ್ತದೆ.

ನಮ್ಮ ಸಂಚಿಕೆಯ ವಿಷಯ ಅರ್ಧಕ್ಕೆ ನಿಂತಿತು. ಹನ್ನೊಂದು ಲೇಖನಗಳಲ್ಲಿ ಒಂಬತ್ತರ ಕೈಬರಹಗಳು ಸಿಕ್ಕಿದವು. ಮತ್ತೆ ಬೆರಳಚ್ಚು ಮಾಡಿದೆವು. ಹತ್ತನೆಯದನ್ನು ಹುಡುಗನೊಬ್ಬ ನೆನಪಿನಿಂದ ಹೊಸದಾಗಿ ಬರೆದುಕೊಟ್ಟ. ಹನ್ನೊಂದನೆಯದು, ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಅಜ್ಜಿಯ ಬಾಯಿಂದ ಕೇಳಿ ಸಂಗ್ರಹಿಸಿದ್ದ ಒಗಟುಗಳು. ಬರೆದ ಹಾಳೆಯನ್ನು ನಮಗೇ ಕೊಟ್ಟಿದ್ದಳು. ಬೆರಳಚ್ಚಾಯಿತೆಂದು ನಾವು ಅದನ್ನು ರದ್ದಿಗೆ ಹಾಕಿದ್ದೆವು. ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದರು. ಅವಳಿಗೆ ನೆನಪಿದ್ದುದು ಏಳು ಒಗಟುಗಳು. ಅಷ್ಟನ್ನೇ ಅಚ್ಚುಹಾಕಿದೆವು.

ಮರುವರ್ಷ ಆ ಹಳೆಯ ವಿದ್ಯಾರ್ಥಿ ಬಂದು ನಮಗೂ ಒಂದು ಭಂಡಾರವನ್ನು ಮಾಡಿಕೊಟ್ಟ. ಕಳೆದ ಸಂಚಿಕೆಯ ವೇಳೆ ನಾನು ಮತ್ತೊಮ್ಮೆ ತಪ್ಪು ಪುಟಗಳನ್ನು ಒಪ್ಪಿಸಿ, ಹತ್ತು ನಿಮಿಷಗಳ ಬಳಿಕ ರಿವರ್ಟ್ ಮಾಡಿದೆ. ತಪ್ಪು, ತಿದ್ದುಪಡಿ ಎರಡೂ ನನ್ನ ಹೆಸರು, ತಾರೀಖು, ವೇಳೆಗಳೊಡನೆ ಅಲ್ಲಿಯೇ ಇವೆ. ಕಿರಿಯ ಉಪಾಧ್ಯಾಯರು ಆಗಾಗ ತೆರೆದು ನೋಡಿ ನಗುತ್ತಾರೆ.